ಉಸಿರಿಗೆ ತಕ್ಕಂತೆ ಉರಿ

ಪವಿತ್ರ ಕುರ್‌ಆನಿನ ಹೂದ್ ಅಧ್ಯಾಯದಲ್ಲಿ ಒಲೆಯನ್ನು ನೆನಪಿಸುವ ಎರಡು ಪ್ರಸಂಗಗಳಿವೆ. ಒಂದು, ಪ್ರವಾದಿ ನೂಹ್(ಅ)ರ ಕಾಲದ ಪ್ರಳಯಕ್ಕೆ ಸೂಚನೆಯಾಗಿ ‘ತನ್ನೂರ್’ ಉಕ್ಕಿದ್ದು. ಇನ್ನೊಂದು, ಪ್ರವಾದಿ ಇಬ್ರಾಹೀಮ್(ಅ)ರು ಮನೆಗೆ ಬಂದ ಅಪರಿಚಿತ ಅತಿಥಿಗಳ ಮುಂದೆ ತಡಮಾಡದೆ ಸುಟ್ಟ ಕರುವಿನ ಮಾಂಸವನ್ನು ತಂದಿರಿಸಿದ್ದು. ಅಲ್ಲಿ ಬಂದಿರುವ ‘ಹನೀದ್’ ಎಂಬ ಪದಕ್ಕೆ ಕಾದ ಕಲ್ಲಿನ ಶಾಖದಲ್ಲಿ ಬೆಂದ ಮಾಂಸವೆಂದು ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಕಾದ ಕಲ್ಲು, ಮಣ್ಣಿನ ಒಲೆ, ಮುಚ್ಚಿದ ಶಾಖ ಇವು ಮನುಷ್ಯನಿಗೆ ಹೊಸತಲ್ಲ. ಆದರೂ ಈ ಹಳೆಯ ವಿದ್ಯೆಯನ್ನು ಹೊಸ ಉಪಕರಣವೊಂದರ ಮುಂದೆ ನಿಂತು ಮತ್ತೆ ಮೊದಲಿನಿಂದ ಕಲಿಯಬೇಕಾದ ಸಂದರ್ಭ ನಮಗೆ ಒದಗಿತು. ಆ ಕಲಿಕೆಯಲ್ಲಿ ನಾವು ಮಾಡಿದ ತಪ್ಪುಗಳನ್ನು ಓದುಗರು ಮಾಡದಿರಲಿ ಎಂಬ ಆಶಯದಿಂದ ಇದನ್ನು ಬರೆಯುತ್ತಿದ್ದೇವೆ.

ನಮ್ಮದು ಸುರಪುರ ತಾಲೂಕಿನ ಕೆಂಭಾವಿ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯ ಮುಸ್ಲಿಂ ಮನೆಗಳ ಅಡುಗೆಯಲ್ಲಿ ಹೈದರಾಬಾದಿನ ಗಾಳಿ ಇನ್ನೂ ಉಳಿದಿದೆ. ಶೇಗಡಿಯ ಕೆಂಡದ ಮೇಲೆ ಸೀಖ್ ಕಬಾಬ್, ಹಿಟ್ಟಿನಿಂದ ಬಾಯಿ ಮುಚ್ಚಿದ ದೇಗಿನಲ್ಲಿ ದಮ್ ಬಿರಿಯಾನಿ, ಬಟ್ಟಲಿನಲ್ಲಿ ಕೆಂಡವಿರಿಸಿ ತುಪ್ಪ ಹನಿಸಿ ಮುಚ್ಚಳ ಹಾಕಿ ಹೊಗೆಯ ಪರಿಮಳ ಕೊಡುವ ಧುಂಗಾರ್ ಇವೆಲ್ಲ ನಮ್ಮ ಅಮ್ಮೀ ತಮ್ಮ ತಾಯಿಯಿಂದ ಕಲಿತವು. ಹೀಗಿರುವಾಗ ಬೆಂಗಳೂರಿನಲ್ಲಿ ದುಡಿಯುವ ನಮ್ಮ ಕಿರಿಯ ಸಹೋದರ 2024ರ ಬಕ್ರೀದ್‌ಗೆ ಮುನ್ನ ಸೆರಾಮಿಕ್ ಇದ್ದಲಿ ಗ್ರಿಲ್ ಒಂದನ್ನು ಕೊಂಡು ಸಾಗಣೆ ವಾಹನದಲ್ಲಿ ಕಳುಹಿಸಿದ. ದೊಡ್ಡ ಮೊಟ್ಟೆಯ ಆಕಾರ, ಗಟ್ಟಿ ಮುಚ್ಚಳ, ಕೆಳಗೊಂದು ಮೇಲೊಂದು ಗಾಳಿಕಂಡಿ. ನಾಲ್ವರು ಸೇರಿ ಹಿತ್ತಲಿಗೆ ಹೊತ್ತು ತಂದೆವು. ಅಮ್ಮೀ ಅದನ್ನು ಸುತ್ತಲೂ ನೋಡಿ, “ಇಷ್ಟು ಹಣ ಕೊಟ್ಟು ಮಣ್ಣಿನ ಒಲೆ ತಂದಿರಾ ಬೇಟಾ?” ಎಂದು ನಕ್ಕರು.

ಅವರ ಮಾತು ತಪ್ಪಾಗಿರಲಿಲ್ಲ. ಜಪಾನಿನಲ್ಲಿ ಒಲೆಗೆ ‘ಕಮಾಡೊ’ ಎನ್ನುತ್ತಾರೆ. ಅಲ್ಲಿ ಅನ್ನ ಬೇಯಿಸಲು ಬಳಸುತ್ತಿದ್ದ ದುಂಡನೆಯ ಮಣ್ಣಿನ ಒಲೆಯನ್ನು ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ತಮ್ಮ ದೇಶಕ್ಕೆ ಕೊಂಡೊಯ್ದರು. 1974ರಲ್ಲಿ ಅಟ್ಲಾಂಟಾ ನಗರದಲ್ಲಿ ಎಡ್ ಫಿಶರ್ ಎಂಬವರು ‘ಬಿಗ್ ಗ್ರೀನ್ ಎಗ್’ ಎಂಬ ಹೆಸರಿನಿಂದ ಇಂಥ ಒಲೆಗಳ ವ್ಯಾಪಾರ ಆರಂಭಿಸಿದರು. ಒಡೆಯುತ್ತಿದ್ದ ಮಣ್ಣಿನ ಜಾಗಕ್ಕೆ ಕಾಲಕ್ರಮದಲ್ಲಿ ಗಟ್ಟಿ ಸೆರಾಮಿಕ್ ಬಂದಿತು. ಕೆಲಸದ ತತ್ವ ಮಾತ್ರ ನಮ್ಮ ತಂದೂರಿನದೇ, ನಮ್ಮ ದಮ್ಮಿನದೇ. ಗೋಡೆ ಶಾಖವನ್ನು ಹೀರಿ ಹಿಡಿದಿಡುತ್ತದೆ. ಮುಚ್ಚಳ ತೇವವನ್ನು ಒಳಗೇ ಉಳಿಸುತ್ತದೆ. ಬೆಂಕಿಯ ಅಳತೆ ಇದ್ದಲಿಯ ರಾಶಿಯಲ್ಲಿಲ್ಲ, ಅದಕ್ಕೆ ನಾವು ಕೊಡುವ ಗಾಳಿಯಲ್ಲಿದೆ. ದಮ್ ಎಂದರೆ ಉಸಿರು ತಾನೇ? ಉಸಿರು ಕೊಟ್ಟಷ್ಟೇ ಉರಿ.

ಇಷ್ಟು ಸರಳವಾದ ಮಾತು ಆ ವರ್ಷ ನಮಗೆ ತಿಳಿದಿರಲಿಲ್ಲ. ಜೂನ್ 17ರಂದು ಈದ್ ನಮಾಝ್ ಮುಗಿದು, ಕುರ್ಬಾನಿಯಾಗಿ, ಮಾಂಸವನ್ನು ರೂಢಿಯಂತೆ ಮೂರು ಪಾಲು ಮಾಡಿ ಹಂಚಿದ ಮೇಲೆ ಅತಿಥಿಗಳಿಗಾಗಿ ಆಡಿನ ಹಿಂಗಾಲು, ಅಂದರೆ ರಾನ್, ಸುಡಲು ಹೊರಟೆವು. ಬಂಧುಗಳು ಶಹಾಪುರದಿಂದ, ಹುಣಸಗಿಯಿಂದ ಬಂದು ಕುಳಿತಿದ್ದರು. ಅವಸರದಲ್ಲಿ ಎರಡೂ ಕಂಡಿಗಳನ್ನು ಪೂರ್ತಿ ತೆರೆದೆವು. ದಟ್ಟ ಬಿಳಿ ಹೊಗೆ ಏಳುತ್ತಿರುವಾಗಲೇ ಮಾಂಸವನ್ನಿಟ್ಟೆವು. ಅರ್ಧ ಗಂಟೆಯಲ್ಲಿ ಮುಚ್ಚಳದ ಉಷ್ಣಮಾಪಕದ ಮುಳ್ಳು 300 ಡಿಗ್ರಿ ಸೆಲ್ಸಿಯಸ್ ಸಮೀಪಿಸಿತು. ಗಾಬರಿಯಿಂದ ಕಂಡಿ ಮುಚ್ಚಿದರೂ ಶಾಖ ಇಳಿಯಲಿಲ್ಲ. ಒಮ್ಮೆ ಕಾದ ಸೆರಾಮಿಕ್ ಗೋಡೆ ಬೇಗನೆ ತಣಿಯುವುದಿಲ್ಲ. ಹೊರಗೆ ಕರಿಕಾದ, ಒಳಗೆ ಹಸಿಯಾಗಿಯೇ ಉಳಿದ ರಾನ್ ಅತಿಥಿಗಳ ಮುಂದೆ ಬಂದಿತು. ಅಮ್ಮೀ ಮಾಡಿದ್ದ ಖೋರ್ಮಾ ಅಂದು ನಮ್ಮ ಮಾನ ಉಳಿಸಿತು.

ಅದಕ್ಕಿಂತ ಗಂಭೀರವಾದುದು ನಂತರ ನಡೆಯಿತು. ಸಂಜೆ ಮಳೆ ಬಂದಿತು. ಭಾರವಾದ ಗ್ರಿಲ್ಲನ್ನು ಕದಲಿಸಲಾಗದೆ, ಅದರ ಕೆಂಡಗಳನ್ನು ಶೇಗಡಿಗೆ ತುಂಬಿ, ಉಳಿದ ಕಬಾಬ್ ಬಿಸಿಯಾಗಿರಲೆಂದು ಒಳಕೋಣೆಗೆ ಒಯ್ದೆವು. ಎರಚಲು ಬರದಂತೆ ಬಾಗಿಲು, ಕಿಟಕಿ ಮುಚ್ಚಿದೆವು. ಹೊಗೆ ಇಲ್ಲದ ಕೆಂಪು ಕೆಂಡ. ಅದರಿಂದ ಏನಾದೀತು ಎಂದುಕೊಂಡೆವು. ಕೋಣೆಯಲ್ಲಿ ಆಪಾ ಮತ್ತು ಅವರ ಇಬ್ಬರು ಹೆಣ್ಣುಮಕ್ಕಳು ದಣಿದು ಮಲಗಿದ್ದರು. ಮುಕ್ಕಾಲು ಗಂಟೆ ಕಳೆದಿರಬಹುದು. ಹಿರಿಯ ಹುಡುಗಿ ತಲೆ ಹಿಡಿದುಕೊಂಡು ಹೊರಬಂದು ವಾಂತಿ ಮಾಡಿದಳು. ಉಂಡದ್ದು ಜಾಸ್ತಿಯಾಯಿತು ಎಂದು ನಾವೆಲ್ಲ ಅಂದುಕೊಳ್ಳುತ್ತಿರುವಾಗ ಅಮ್ಮೀ ಮಾತ್ರ ಓಡಿಹೋಗಿ ಕಿಟಕಿಗಳನ್ನು ತೆರೆದರು, ಮಲಗಿದ್ದವರನ್ನು ಎಬ್ಬಿಸಿ ಪಡಸಾಲೆಗೆ ಕರೆತಂದರು. ಆಪಾ ನೆಟ್ಟಗೆ ನಿಲ್ಲಲಾರದಾಗಿದ್ದರು. ಕೂಡಲೇ ವೈದ್ಯರಲ್ಲಿಗೆ ಒಯ್ದೆವು. ಅಲ್ಲಾಹನ ಕೃಪೆಯಿಂದ ಮೂವರೂ ಬೆಳಗಿನೊಳಗೆ ಚೇತರಿಸಿಕೊಂಡರು.

ಇದ್ದಲಿ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣವಾಯುವನ್ನು ಹೊರಬೇಕಾದ ರಕ್ತದ ಹಿಮೋಗ್ಲೋಬಿನ್‌ಗೆ ಅದು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಮೊದಲ ಲಕ್ಷಣಗಳು. ನಿದ್ರೆಯಲ್ಲಿದ್ದವರಿಗೆ ಆ ಲಕ್ಷಣವೂ ತಿಳಿಯದೆ ಜೀವ ಹೋಗಬಹುದು. ಚಳಿಗಾಲದಲ್ಲಿ ಶೇಗಡಿಯನ್ನು ಕೋಣೆಯೊಳಗಿಟ್ಟು ಮಲಗುವ ಅಭ್ಯಾಸ ನಮ್ಮ ಕಡೆ ಅಪರೂಪವೇನಲ್ಲ. ದಯವಿಟ್ಟು ಅದನ್ನು ಬಿಡಿ. ಇದ್ದಲಿಯ ಯಾವ ಒಲೆಯೂ ಮುಚ್ಚಿದ ಜಾಗದಲ್ಲಿ ಇರಕೂಡದು. ಇಂಥ ಲಕ್ಷಣ ಕಂಡರೆ ಮೊದಲು ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಿ.

ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ನಿವಾಸಿಗಳ ಸಮೇತ ಉರಿದುಹೋದ ಸುದ್ದಿ ತಿಳಿದಾಗ ಪ್ರವಾದಿ(ಸ)ರು ಬೆಂಕಿಯನ್ನು ಮನುಷ್ಯನ ಶತ್ರುವೆಂದು ಕರೆದು, ಮಲಗುವ ಮುನ್ನ ಅದನ್ನು ಆರಿಸಬೇಕೆಂದು ಆದೇಶಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸನ್ನು ನಾವು ಎಷ್ಟೋ ಬಾರಿ ಕೇಳಿದ್ದೆವು. ದೀಪ, ಒಲೆಗಳಿದ್ದ ಹಳೆಯ ಕಾಲಕ್ಕೆ ಹೇಳಿದ್ದೆಂದು ಭಾವಿಸಿ ದಾಟಿಹೋಗಿದ್ದೆವು. ಆ ರಾತ್ರಿ ಅದು ನಮ್ಮ ಮನೆಗೇ ಹೇಳಿದ ಮಾತಾಯಿತು.

ಮರುದಿನ ಇನ್ನೊಂದು ವಿಷಯ ತಿಳಿಯಿತು. ನಮ್ಮ ಹಿತ್ತಲಿನ ಪೂರ್ವಕ್ಕೆ ಗೌಡರ ಮನೆ. ಅವರ ತಾಯಿಗೆ ಉಬ್ಬಸದ ತೊಂದರೆ. ಜೂನ್‌ನ ಪಡುವಣ ಗಾಳಿ ನಮ್ಮ ಹೊಗೆಯನ್ನೆಲ್ಲ ಅವರ ಅಂಗಳಕ್ಕೆ ತುಂಬಿತ್ತು. ಅವರು ಇಡೀ ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು ಕಳೆದಿದ್ದರು. ಕ್ಷಮೆ ಕೇಳಲು ಹೋದಾಗ ಆ ಹಿರಿಯರು, “ಹಬ್ಬ ಮಾಡ್ರಪ್ಪ, ಬ್ಯಾಡ ಅನ್ನಂಗಿಲ್ಲ. ಹೊಗಿ ಬಂದ್ರ ಮಾತ್ರ ನನಗ ಉಸಿರು ಆಡಂಗಿಲ್ಲ” ಎಂದರು. ಸಾರು ಮಾಡುವಾಗ ನೀರು ಹೆಚ್ಚಿಗೆ ಹಾಕಿ ನೆರೆಯವರನ್ನು ನೆನೆಯುವಂತೆ ಪ್ರವಾದಿ(ಸ)ರು ಅಬೂದರ್ರ್(ರ)ರಿಗೆ ಬೋಧಿಸಿದ್ದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಮಾಂಸ ತಿನ್ನದ ನೆರೆಮನೆಗೆ ನಮ್ಮ ಅಡುಗೆಯಿಂದ ತಲುಪಿದ್ದು ಹೊಗೆ ಮಾತ್ರವಾಗಿತ್ತು.

ಆ ಒಲೆಯನ್ನು ಮಾರಿಬಿಡೋಣವೆಂದು ಕೆಲವರು ಹೇಳಿದರು. ಅಮ್ಮೀ ಒಪ್ಪಲಿಲ್ಲ. “ಒಲೆಯ ತಪ್ಪೇನಿದೆ? ಮೊದಲು ಕಲಿಯಿರಿ” ಎಂದರು. ವರ್ಷವಿಡೀ ಬಿಡುವಿನ ದಿನಗಳಲ್ಲಿ ಕಲಿತೆವು. ಹೊಸದಾಗಿ ಆರಂಭಿಸುವವರಿಗಾಗಿ ಅದರ ಸಾರ ಇಷ್ಟು.

ಹೊಸ ಗ್ರಿಲ್ಲಿನ ಮೊದಲ ಕೆಲವು ಬೆಂಕಿಗಳು ಸಣ್ಣವಾಗಿರಲಿ. 150 ಡಿಗ್ರಿಯ ಆಸುಪಾಸಿನಲ್ಲೇ ಉಳಿಯಲಿ. ಒಳಗಿನ ತೇವ ಆರುವ ಮುನ್ನ ಬಲವಾಗಿ ಕಾಯಿಸಿದರೆ ಸೆರಾಮಿಕ್ ಬಿರುಕು ಬಿಡಬಹುದು. ಕಟ್ಟಿಗೆಯ ತುಂಡು ಇದ್ದಲಿಯನ್ನೇ ಬಳಸಿ. ಸೀಮೆಎಣ್ಣೆ ಸುರಿಯಬೇಡಿ, ಅದರ ವಾಸನೆಯನ್ನು ಗೋಡೆ ಹೀರಿಕೊಳ್ಳುತ್ತದೆ. ನಮ್ಮ ಹೊಲದ ಬದುಗಳಲ್ಲಿ ಹಬ್ಬಿ ರೈತರನ್ನು ಕಾಡುವ ಬಳ್ಳಾರಿ ಜಾಲಿಯ ಇದ್ದಲಿ ಇದಕ್ಕೆ ಬಹಳ ಒಳ್ಳೆಯದು. ಅಮೆರಿಕದವರು ಮಾಂಸಕ್ಕೆ ಹೊಗೆ ಹಿಡಿಸಲು ಮೆಚ್ಚಿ ಬಳಸುವ ಮೆಸ್ಕೀಟ್ ಮರ ಇದೇ ಕುಲದ್ದು. ಪರಿಮಳಕ್ಕೆ ಒಣಗಿದ ಪೇರಲ ಅಥವಾ ಮಾವಿನ ಒಂದೆರಡು ತುಂಡು ಸಾಕು.

ಇದ್ದಲಿಗೆ ಒಂದೆರಡು ಕಡೆ ಮಾತ್ರ ಬೆಂಕಿ ತಾಗಿಸಿ. ಬೇಕಾದ ಶಾಖಕ್ಕೆ ಇನ್ನೂ 20-30 ಡಿಗ್ರಿ ಬಾಕಿಯಿರುವಾಗಲೇ ಕಂಡಿಗಳನ್ನು ಕಿರಿದಾಗಿಸುತ್ತ ಬನ್ನಿ. ಶಾಖವನ್ನು ಏರಿಸುವುದು ಸುಲಭ, ಇಳಿಸುವುದು ಕಷ್ಟ. ದಟ್ಟ ಬಿಳಿ ಹೊಗೆ ತಿಳಿಯಾಗುವವರೆಗೆ ಮಾಂಸವನ್ನು ಇಡಬೇಡಿ. ಆ ಹೊಗೆ ಅರೆಬರೆ ಉರಿಯುವ ಕಟ್ಟಿಗೆಯದು, ಮಾಂಸಕ್ಕೆ ಕಹಿ ತರುತ್ತದೆ. ನೆರೆಮನೆಯ ಉಬ್ಬಸದ ಹಿರಿಯರಿಗೂ ಕೆಟ್ಟದ್ದು ಅದೇ ಹೊಗೆ. ನೆರೆಯವರ ಹಕ್ಕನ್ನು ಕಾಯುವ ತಾಳ್ಮೆಯೇ ಅಡುಗೆಯ ರುಚಿಯನ್ನೂ ಕಾಯುತ್ತದೆ ಎಂಬುದು ನಮಗೆ ಹೊಳೆದದ್ದು ಇಲ್ಲಿಯೇ.

ಬಲವಾಗಿ ಕಾದಿರುವಾಗ ಮುಚ್ಚಳವನ್ನು ಒಮ್ಮೆಲೇ ಎತ್ತಬಾರದು. ಗಾಳಿಗೆ ಹಸಿದಿರುವ ಬೆಂಕಿ ಮುಖಕ್ಕೇ ಭುಗಿಲೇಳುತ್ತದೆ. ಎರಡು ಬೆರಳಿನಷ್ಟು ಎತ್ತಿ, ಕೆಲವು ಕ್ಷಣ ಉಸಿರಾಡಲು ಬಿಟ್ಟು, ಆಮೇಲೆ ತೆರೆಯಿರಿ. ಕೆಲಸ ಮುಗಿದ ಮೇಲೆ ನೀರು ಹಾಕಬೇಡಿ, ಸೆರಾಮಿಕ್ ಒಡೆದೀತು. ಎರಡೂ ಕಂಡಿ ಮುಚ್ಚಿದರೆ ಬೆಂಕಿ ತಾನಾಗಿ ಆರುತ್ತದೆ. ಉಳಿದ ಇದ್ದಲಿ ಮುಂದಿನ ಸಲಕ್ಕೆ ಒದಗುತ್ತದೆ, ದುಂದು ಆಗುವುದಿಲ್ಲ. ಪೂರ್ತಿ ತಣಿದ ಮೇಲೆಯೇ ಬೂದಿಯನ್ನು ಲೋಹದ ಡಬ್ಬಿಗೆ ತೆಗೆಯಿರಿ. ಮಕ್ಕಳು ಹತ್ತಿರ ಸುಳಿಯದಂತೆ ಕೊನೆಯವರೆಗೂ ಒಬ್ಬರು ಅಲ್ಲೇ ಇರಲಿ.

2025ರ ಜೂನ್ 7ರ ಬಕ್ರೀದ್‌ಗೆ ಒಂದು ವಾರ ಮೊದಲೇ ಗೌಡರ ಮನೆಗೆ ಹೋಗಿ, ಒಲೆಯನ್ನು ಎಲ್ಲಿ ಇಟ್ಟರೆ, ಎಷ್ಟು ಹೊತ್ತಿಗೆ ಹಚ್ಚಿದರೆ ತೊಂದರೆಯಾಗದು ಎಂದು ಕೇಳಿದೆವು. ಹಿತ್ತಲಿನ ಆಚೆಯ ಖಾಲಿ ಜಾಗವನ್ನು ಅವರೇ ತೋರಿಸಿದರು. ಹಸಿ ಪಪ್ಪಾಯಿ, ಮೊಸರು, ಮಸಾಲೆ ಹಚ್ಚಿ ರಾತ್ರಿಯಿಡೀ ನೆನೆಸಿದ್ದ ರಾನ್‌ನ ಕೆಳಗೆ ಶಾಖ ತಡೆಯುವ ಕಲ್ಲಿರಿಸಿ, 120 ಡಿಗ್ರಿಯಲ್ಲಿ, ಬಣ್ಣ ಬಂದ ಮೇಲೆ ಹಾಳೆಯಲ್ಲಿ ಸುತ್ತಿ, ಸುಮಾರು ಐದು ಗಂಟೆ ಬಿಟ್ಟೆವು. ಎಲುಬಿನಿಂದ ಮಾಂಸ ತಾನಾಗಿ ಬಿಡುತ್ತಿತ್ತು. ಮೊದಲ ತುಣುಕನ್ನು ಅಮ್ಮೀ ಬಿಸ್ಮಿಲ್ಲಾಹ್ ಎಂದು ಬಾಯಿಗಿಟ್ಟು, “ಈಗ ಇದು ಒಲೆಯಾಯಿತು” ಎಂದರು. ಗೌಡರ ಮನೆಗೆ ಮಾವಿನ ಹಣ್ಣಿನ ಬುಟ್ಟಿಯನ್ನು ಆ ಹುಡುಗಿಯರೇ ಒಯ್ದು ಕೊಟ್ಟರು. ರಾತ್ರಿ ಮಲಗುವ ಮುನ್ನ ಹಿರಿಯವಳು ಟಾರ್ಚ್ ಹಿಡಿದು ನಮ್ಮೊಂದಿಗೆ ಬಂದು, ಎರಡೂ ಕಂಡಿಗಳು ಮುಚ್ಚಿವೆಯೇ ಎಂದು ತಾನೇ ಬಗ್ಗಿ ನೋಡಿದಳು.

ಈ ಒಲೆ ಇಂದು ನಮ್ಮ ಒಂದು ಮನೆಯದಲ್ಲ. ಓಣಿಯ ಅಕೀಕಾ, ನಿಕಾಹ್‌ಗಳಿಗೂ ಉರಿಯುತ್ತದೆ. ಹಣ ಕೊಟ್ಟು ತಂದ ವಸ್ತು ಪ್ರದರ್ಶನಕ್ಕಾಗಿ ನಿಲ್ಲದೆ ಹತ್ತು ಮನೆಗೆ ಒದಗಲಿ ಎಂಬುದು ಅಮ್ಮೀಯ ಶರತ್ತು. ಬೆಂಕಿಯನ್ನು ಅಲ್ಲಾಹನು ನಮಗೆ ಸ್ಮರಣೆಯಾಗಿಯೂ ಉಪಕಾರವಾಗಿಯೂ ಕೊಟ್ಟಿದ್ದಾನೆಂದು ಅಲ್‌ವಾಕಿಅ ಅಧ್ಯಾಯ ತಿಳಿಸುತ್ತದೆ. ಉಪಕಾರವನ್ನು ಪಡೆಯುವಾಗ ಸ್ಮರಣೆಯನ್ನು ಮರೆಯದ ಬುದ್ಧಿಯನ್ನು ಅವನು ನಮಗೆಲ್ಲರಿಗೂ ದಯಪಾಲಿಸಲಿ, ನಮ್ಮ ಮನೆಗಳಲ್ಲಿ ಮಲಗುವ ಪ್ರತಿಯೊಂದು ಜೀವವನ್ನೂ ಕಾಪಾಡಲಿ. ಆಮೀನ್.