ಮೇಡ್ಲೇರಿಯಿಂದ ಕೆರಿಮತ್ತಿಹಳ್ಳಿಗೆ

ಅಣ್ಣನ ಮಗಳ ಎಂ.ಎ. ಪ್ರವೇಶಕ್ಕೆಂದು ಮೇಡ್ಲೇರಿಯಲ್ಲಿ ಹಾವೇರಿ ಬಸ್ಸು ಹತ್ತಿದರೆ ಒಳಗೆ ಕಾಲಿಡಲೂ ಜಾಗವಿಲ್ಲ. ಹುಡುಗರು ಬಾಗಿಲಿಗೆ ಜೋತುಬಿದ್ದಿದ್ದರು. ಕಲಿಯಲು ಹೊರಟ ಮಕ್ಕಳು ಹೀಗೆ ಜೀವ ಕೈಯಲ್ಲಿ ಹಿಡಿದು ಹೋಗಬೇಕೇ ಎಂದು ಸಿಟ್ಟು ಬಂತು. ರಾಣೆಬೆನ್ನೂರು, ಮೋಟೆಬೆನ್ನೂರು ಯಾವಾಗ ದಾಟಿದವೋ!

ನನ್ನ ಕಣ್ಣು ಡ್ರೈವರನ ಪಕ್ಕದ ಬಾನೆಟ್ಟಿನ ಮೇಲಿತ್ತು. ನಮ್ಮ ಕಾಲಕ್ಕೆ ಅಲ್ಲಿ ಓದುವ ಮಕ್ಕಳಿಗೆ ಮನೆಯವರು ಕಳಿಸಿದ ಬುತ್ತಿ ಡಬ್ಬಿಗಳಿರುತ್ತಿದ್ದವು. 1997ರವರೆಗೆ ನಮ್ಮದು ಧಾರವಾಡ ಜಿಲ್ಲೆಯೇ. ಹೆಚ್ಚಿಗೆ ಓದುವುದೆಂದರೆ ಧಾರವಾಡ. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಅಲ್ಲಿಗೆ ಬಂದ ಕರ್ನಾಟಕ ವಿಶ್ವವಿದ್ಯಾಲಯವನ್ನು ಡಿ.ಸಿ. ಪಾವಟೆಯವರು ಗುಡ್ಡದ ಮೇಲೆ ಕಟ್ಟಿ ಬೆಳೆಸಿದರು. ಅದರ ಕೆಳಗಿನ ಬಾಡಿಗೆ ಖೋಲಿಗಳಲ್ಲಿ ನಮ್ಮನ್ನು ಬೆಳೆಸಿದ್ದು ಮಾತ್ರ ಊರ ಬಸ್ಸು. ಅಲ್ಯೂಮಿನಿಯಂ ಡಬ್ಬಿ, ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಹೆಸರು, ಸುತ್ತ ಬಿಗಿದ ಬಿಳಿ ಅರಿವೆ. ಒಳಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿ. ಕೆಲವೊಮ್ಮೆ ರೊಟ್ಟಿಗಳ ನಡುವೆ ಅವ್ವ ಮಡಚಿಟ್ಟ ಹತ್ತರ ನೋಟು. ಬಸ್ ಸ್ಟ್ಯಾಂಡಿನಲ್ಲಿ ಯಾರ ಡಬ್ಬಿ ಇಳಿದರೂ ಅದು ಇಡೀ ಖೋಲಿಯ ಊಟ. ಜಾತಿ ಕೇಳದೆ ಒಂದೇ ತಾಟಿನಲ್ಲಿ ಉಂಡದ್ದು ನಾನು ಕಲಿತ ಮೊದಲ ಪಾಠ.

"ನಿನಗೂ ಡಬ್ಬಿ ಕಳಸ್ಬೇಕೇನವಾ?" ಎಂದೆ.

"ಸಂಜೀಕ ಮನೀಗೇ ಬರ್ತೀನಲ್ಲ ಕಾಕಾ. ಧಾರವಾಡಕ್ಕಾದ್ರ ಅಪ್ಪ ಕಳಸ್ತಿರ್ಲೇ ಇಲ್ಲ."

ನಾನು ಮಾತು ನಿಲ್ಲಿಸಿದೆ. ನಮ್ಮ ಖೋಲಿಗಳ ಸಾಲಿನಲ್ಲಿ ಊರ ಹೆಣ್ಣುಮಕ್ಕಳು ಎಲ್ಲಿದ್ದರು?

ಹಾವೇರಿ ಪಕ್ಕದ ಕೆರಿಮತ್ತಿಹಳ್ಳಿಯಲ್ಲಿದ್ದ ಧಾರವಾಡದ ಸ್ನಾತಕೋತ್ತರ ಕೇಂದ್ರವೇ 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯವಾಯಿತು. ಅದೇ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆಯೂ ತಪ್ಪಿತು. ಅರ್ಜಿ, ಶುಲ್ಕ, ಸರದಿಯಲ್ಲೇ ದಿನ ಕಳೆಯಿತು. ಸಂಜೆಯಾಗುತ್ತಲೇ ಎಲ್ಲರೂ ಬಸ್ಸಿಗೆ ಓಡಿದರು. ನನಗೆ ಕೊರಗು ಹುಟ್ಟಿಸಿದ್ದು ಈ ಓಟ. ಧಾರವಾಡದಲ್ಲಿ ನನ್ನ ಅರ್ಧ ಓದು ನಡೆದದ್ದು ಕ್ಲಾಸು ಮುಗಿದ ಮೇಲೆ: ವಿದ್ಯಾವರ್ಧಕ ಸಂಘದ ಭಾಷಣಗಳಲ್ಲಿ, ಚಹಾದಂಗಡಿಯ ಜಗಳಗಳಲ್ಲಿ, ನಡುರಾತ್ರಿಯ ಖೋಲಿಯಲ್ಲಿ. ಆ ಹೊತ್ತು ಈ ಮಕ್ಕಳಿಗೂ ಸಿಗಬೇಕು.

2025ರಲ್ಲಿ ಹಾವೇರಿಯೂ ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲೇ ಎದ್ದಿತ್ತು. ಖರ್ಚಿನ ಲೆಕ್ಕ ಹಾಕುವವರು ಒಮ್ಮೆ ಮೇಡ್ಲೇರಿಯ ಮುಂಜಾನೆಯ ಬಸ್ಸು ಹತ್ತಿ ಬರಲಿ. ಮುಚ್ಚುವ ಮಾತು ಬಿಟ್ಟು ಸಾಕಷ್ಟು ಮೇಷ್ಟ್ರನ್ನು ಕೊಡಲಿ, ರಾತ್ರಿ ಎಂಟಕ್ಕೆ ಊರಿಗೆ ಒಂದು ಬಸ್ಸು ಬಿಡಲಿ.