ಮುನಿದ ಚರ್ಮ

ಹುಬ್ಬಳ್ಳಿಯಿಂದ ವಾಸ್ಕೋದ ನಮ್ಮ ಮನೆಗೆ ಬಂದ ಸೋದರಳಿಯ, ದೋಣಿಗಳಿಗೆ ರಾಳ ಬಳಿಯುವ ಕೆಲಸಕ್ಕೆ ಸೇರಿದ. ವರ್ಷದೊಳಗೆ ಅವನ ಬೆರಳ ಸಂದುಗಳಲ್ಲಿ ನೀರ್ಗುಳ್ಳೆಗಳೆದ್ದು ಬಿರಿದವು. ಗೇರುಬೀಜ ಸುಲಿಯುವ ಹೆಂಗಸರ ಕೈ ಸುಡುವ ಎಣ್ಣೆಯನ್ನು ಬಲ್ಲ ನಾವು, ಇದನ್ನು ಮಾತ್ರ ಉಪ್ಪುಗಾಳಿಯ ಕಾಟವೆಂದು ಬಗೆದು ಕೊಬ್ಬರಿ ಎಣ್ಣೆ ಸವರಿ ಸುಮ್ಮನಾದೆವು.

ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು ನೋಡಿ ಹೇಳಿದರು: ಎಪಾಕ್ಸಿ ರಾಳದ ಅಲರ್ಜಿ. ಪೂರ್ತಿ ಗಟ್ಟಿಯಾದ ರಾಳ ಕೆಣಕದು. ಹಸಿ ರಾಳವೂ ಅದಕ್ಕೆ ಬೆರೆಸುವ ಹಾರ್ಡನರೂ ಕೆಣಕುತ್ತವೆ. ಒಮ್ಮೆ ಮುನಿದ ಚರ್ಮ ಮತ್ತೆ ಒಲಿಯುವುದು ಅಪರೂಪ. ತೆಳುವಾದ ರಬ್ಬರ್ ಕೈಗವಸು ಅದನ್ನು ತಡೆಯದು. ಥಿನ್ನರಿನಿಂದ ಕೈ ತೊಳೆದರೆ ಇನ್ನಷ್ಟು ಕೇಡು.

ಅಳಿಯ ಈಗ ಉಗ್ರಾಣದ ಲೆಕ್ಕ ಬರೆಯುತ್ತಾನೆ. ಸಂಬಳ ಇಳಿಯಿತು, ಕೈ ಉಳಿಯಿತು. ಮನೆಯವರ ಕೈ ತುರಿಸಿದಾಗ, ಅವರು ಏನನ್ನು ಮುಟ್ಟಿ ದುಡಿಯುತ್ತಾರೆಂದು ಮೊದಲು ಕೇಳಬೇಕೆಂಬುದನ್ನು ನಾವು ತಡವಾಗಿ ಕಲಿತೆವು.