ಮುರುಕು ತ ಒತ್ತು

ಪತ್ತೇದಾರಿ ಕಾದಂಬರಿಯೊಂದು ಅಚ್ಚಿಗೆ ಬಂತೆಂದರೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ ನಮ್ಮಪ್ಪ ಮೊದಲು ಮೊಳೆಗಳ ಕೇಸಿಗೆ ಕೈಹಾಕಿ ತ ಒತ್ತು ಎಷ್ಟಿದೆ ಎಂದು ನೋಡುತ್ತಿದ್ದರು. ಕತ್ತಲೆ, ಕತ್ತಿ, ಕುತ್ತಿಗೆ, ರಕ್ತ, ಪಿಸ್ತೂಲು, ಗುಪ್ತದ್ವಾರ, ಪತ್ತೆ. ಇಂಥ ಕಥೆಗೆ ಬೇಕಾದ ಮಾತೆಲ್ಲ ತ ಒತ್ತನ್ನೇ ಬೇಡುತ್ತದೆ. ಬಳೇಪೇಟೆಯ ಓಣಿಯೊಂದರಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಅಚ್ಚುಕೂಟದಲ್ಲಿ ಮೊಳೆಗಳಿದ್ದದ್ದು ಒಂದು ಫಾರಂಗೆ, ಅಂದರೆ 16 ಪುಟಕ್ಕೆ, ಹೇಗೋ ಸಾಲುವಷ್ಟು. ಹದಿನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ತ ಒತ್ತಿನ ಮನೆ ಖಾಲಿ. ಆಗ ಅಪ್ಪ ಲೇಖಕರಿಗೆ ಹೇಳಿಕಳಿಸುತ್ತಿದ್ದರು: “ಸ್ವಾಮಿ, ಇನ್ನೆರಡು ಪುಟ ಪತ್ತೇದಾರ ಅನ್ನಬೇಡಿ, ‘ಅವನು’ ಅಂದುಬಿಡಿ.” ಲೇಖಕರು ಮರುಮಾತಿಲ್ಲದೆ ತಿದ್ದಿ ಕಳಿಸುತ್ತಿದ್ದರು.

ಆ ಲೇಖಕರು ಹಗಲು ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಏಳರವರೆಗೆ ಕಾದಂಬರಿ. ಸಂಜೆ ಹಾಳೆಗಳನ್ನು ನಾಲ್ಕಾಗಿ ಮಡಚಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಅಚ್ಚುಕೂಟಕ್ಕೆ ಬರುವರು. ಪೂರ್ತಿ ಬರೆದು ಮುಗಿಸಿದ ಹಸ್ತಪ್ರತಿಯನ್ನು ಅವರು ಒಮ್ಮೆಯೂ ತಂದದ್ದನ್ನು ನಾನು ನೋಡಲಿಲ್ಲ. ಬರೆದಷ್ಟು ಜೋಡಣೆ, ಜೋಡಿಸಿದಷ್ಟು ಪ್ರೂಫು, ಪ್ರೂಫು ತಿದ್ದಿದ್ದೇ ಅಚ್ಚು. ಅಚ್ಚಾದ ಫಾರಂ ಬಿಚ್ಚಿ ಮೊಳೆಗಳನ್ನು ಮತ್ತೆ ಅವುಗಳ ಮನೆಗೆ ಹಂಚಿದ ಮೇಲೇ ಮುಂದಿನ ಫಾರಂ. ಹೀಗಾಗಿ ಒಂದು ಸಲ ಅಚ್ಚಾದ ಮಾತಿಗೆ ತಿದ್ದುಪಡಿಯೇ ಇಲ್ಲ. ಮೂರನೇ ಫಾರಂನಲ್ಲಿ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು ಎಂದು ಬರೆದರೆ ಎಂಟನೇ ಫಾರಂನವರೆಗೂ ಆ ಅಗಳಿಗೆ ಲೇಖಕರೇ ಜವಾಬು ಹೇಳಬೇಕು. ಕೊಲೆ ನಡೆದ ಮನೆಯ ನಕ್ಷೆಯನ್ನು ಅವರು ಸಿಗರೇಟು ಪ್ಯಾಕಿನ ಒಳಮೈ ಮೇಲೆ ಬರೆದು ಎದೆಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಕಿಟಕಿ ಎಷ್ಟು, ಮೆಟ್ಟಿಲು ಎಷ್ಟು, ನಾಯಿ ಕಟ್ಟುವ ಗೂಟ ಎಲ್ಲಿ, ಎಲ್ಲ ಅದರಲ್ಲಿತ್ತು.

1970ರ ಸುಮಾರಿನ ಒಂದು ಸಂಜೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಮೊಳೆ ಜೋಡಿಸುವ ಸ್ಟಿಕ್ಕನ್ನು ಕೈಯಲ್ಲಿ ಹಿಡಿದೇ ತಲೆ ಎತ್ತಿದರು. “ಸ್ವಾಮಿ, ಮೂರನೇ ಫಾರಂನಲ್ಲಿ ಸತ್ತವನ ವಾಚು ಎಡಗೈಲಿತ್ತಲ್ಲ? ಇಲ್ಲಿ ಬಲಗೈ ಅಂತ ಇದೆ.” ಅಕ್ಷರಗಳನ್ನು ತಲೆಕೆಳಗಾಗಿ ಓದುತ್ತಿದ್ದ ಅಪ್ಪನ ಕಣ್ಣಿಗೆ ಬಿದ್ದದ್ದು ಲೇಖಕರ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಬೆಂಚಿನ ಮೇಲೆ ಕೂತರು. ನಾನು ತಂದುಕೊಟ್ಟ ಕಾಫಿ ಆರಿ ಕೆನೆಕಟ್ಟಿತು. ತಮ್ಮ ವಾಚನ್ನೇ ಬಿಚ್ಚಿ ಎಡಗೈಗೆ ಕಟ್ಟಿದರು, ಬಲಗೈಗೆ ಕಟ್ಟಿದರು, ಮತ್ತೆ ಎಡಗೈಗೆ. ಅರ್ಧ ಗಂಟೆ ಕಳೆದಿರಬೇಕು. ಆಮೇಲೆ, “ಬಲಗೈ ಅಂತಲೇ ಇರಲಿ. ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಕಟ್ಟಿದವನೇ ಸಿಕ್ಕಿಬೀಳ್ತಾನೆ” ಎಂದರು. ಆ ರಾತ್ರಿ ಅಪ್ಪ ಊಟಕ್ಕೆ ಕೂತು ಇದನ್ನು ಎರಡು ಸಲ ಹೇಳಿದರು. ಕಥೆ ಹುಟ್ಟುವ ಜಾಗದಲ್ಲಿ ತಾನೂ ಇದ್ದೆ ಎಂಬ ಸಂತೋಷ ಅವರ ಮುಖದಲ್ಲಿತ್ತು.

ಅದು ಇಂಥ ಬರವಣಿಗೆಯ ಕಾಲ. 4ನೇ ತರಗತಿಗೇ ಶಾಲೆ ಬಿಟ್ಟ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ ಮನೆಮನೆಯ ಮಾತಾಗಿದ್ದ. ಕನ್ನಡದ ಹಳದಿ ಕೆಂಪು ಬಾವುಟವನ್ನು ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದು ಕನ್ನಡಕ್ಕೆ ಓದುಗರನ್ನು ಕೂಡಿಸಿದವರೇ. ಇವರನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲು ನಮಗೆ ಸಂಕೋಚ. ನಮ್ಮ ಬೀದಿಯಲ್ಲಿ ಹೂ ಕಟ್ಟುತ್ತಿದ್ದ ಅಕ್ಕ ಕೂಡಿಸಿ ಕೂಡಿಸಿ ಓದಲು ಕಲಿತದ್ದು ದಿನಕ್ಕೆ 10 ಪೈಸೆಗೆ ತಂದ ಬಾಡಿಗೆ ಪುಸ್ತಕದಲ್ಲಿ, ಕೊಲೆ ಮಾಡಿದವನು ಯಾರೆಂದು ಬೇರೆಯವರ ಬಾಯಲ್ಲಿ ಕೇಳಲು ಒಪ್ಪದೆ. ಅವಳ ಪಾಲಿನ ಸಾಹಿತ್ಯ ಅದಲ್ಲದೆ ಮತ್ತಾವುದು?

ಆ ಬಾಡಿಗೆ ಪುಸ್ತಕದ ಅಂಗಡಿ ಹೋಯಿತು. ಮನೆಮನೆಗೆ ಟೀವಿ ಬಂತು, ಅಚ್ಚುಕೂಟಕ್ಕೆ ಆಫ್‌ಸೆಟ್ ಬಂತು, ಮೊಳೆಗಳು ಸೀಸದ ತೂಕಕ್ಕೆ ಮಾರಾಟವಾದವು. ನರಸಿಂಹಯ್ಯನವರು 2011ರಲ್ಲಿ ತೀರಿಕೊಂಡರು. ಇಂದಿಗೂ ಕೊಲೆಯ ಕಥೆ ಬರೆಯುವವರಿದ್ದಾರೆ, ಚೆನ್ನಾಗಿಯೇ ಬರೆಯುತ್ತಾರೆ. ಎಡಗೈಯನ್ನು ಬಲಗೈ ಮಾಡಲು ಅವರಿಗೆ ಒಂದು ಗುಂಡಿ ಸಾಕು, ಅವರ ತಪ್ಪು ಯಾರಿಗೂ ಕಾಣದೆ ಅಳಿಸಿಹೋಗುತ್ತದೆ. ನನಗೆ ನೆನಪಾಗುವುದು ಬೆಂಚಿನ ಮೇಲೆ ಕೂತು ವಾಚು ಬಿಚ್ಚಿ ಕಟ್ಟಿದ ಆ ಅರ್ಧ ಗಂಟೆ. ಹೊಟ್ಟೆ ಉರಿಯುವ ಮಾತೆಂದರೆ, ಅಗ್ಗದ ಕಾಗದದಲ್ಲಿ ಅಚ್ಚಾದ ಆ ಪುಸ್ತಕಗಳನ್ನು ಯಾರೂ ಎತ್ತಿಡಲಿಲ್ಲ. ನಾನು ವಿಚಾರಿಸಿದ ಒಂದು ಗ್ರಂಥಾಲಯದಲ್ಲಿ, ಹರಿದಿದ್ದವು, ರದ್ದಿಗೆ ಹಾಕಿದೆವು ಎಂದರು.

ಕಳೆದ ವರ್ಷ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ರಟ್ಟಿಲ್ಲದ ಒಂದು ಪುಸ್ತಕ ಸಿಕ್ಕಿತು. ಹೆಸರಿಲ್ಲ, ಮೊದಲ ಹಾಳೆ ಇಲ್ಲ. ಸುಮ್ಮನೆ ತಿರುವಿದಾಗ ‘ರಕ್ತ’ದ ಕೆಳಗಿನ ತ ಒತ್ತಿನ ಬಾಲ ಮುರಿದಿತ್ತು. ಎದೆ ಧಸಕ್ಕೆಂದಿತು. ಅಪ್ಪ ಎಸೆಯದೆ ಇಟ್ಟುಕೊಂಡಿದ್ದ ಮೊಳೆ ಅದು. ಕೊರತೆಯಲ್ಲಿ ಮುರುಕನ್ನೂ ಬಿಡುವಂತಿರಲಿಲ್ಲ. ಇದ್ದ ತ ಒತ್ತೆಲ್ಲ ಖರ್ಚಾಗುತ್ತಿದ್ದರಿಂದ ಅದು ಫಾರಂಗೊಂದು ಸಲ ಬಂದೇ ಬರುತ್ತಿತ್ತು. ಅಲ್ಲೇ ನಿಂತು ಹುಡುಕಿದೆ. ಒಂದು ಕಡೆ ಕತ್ತಲೆಯಲ್ಲಿ, ಒಂದು ಕಡೆ ಪಿಸ್ತೂಲಿನಲ್ಲಿ, ಹೀಗೆ ಏಳು ಫಾರಂನಲ್ಲಿ ಏಳು ಕಡೆ ಸಿಕ್ಕಿತು. ಮೂರನೇ ಫಾರಂನಲ್ಲಿ ವಾಚು ಎಡಗೈಯಲ್ಲಿತ್ತು, ಐದನೆಯದರಲ್ಲಿ ಬಲಗೈಯಲ್ಲಿ.

112ನೇ ಪುಟಕ್ಕೆ ಪುಸ್ತಕ ನಿಂತಿದೆ. ಕೊನೆಯ ಫಾರಂ ಉದುರಿಹೋಗಿದೆ. ವಾಚು ಕಟ್ಟಿದವನು ಯಾರೆಂದು ನನಗೆ ನೆನಪಿಲ್ಲ. ಕೇಳೋಣವೆಂದರೆ ಬರೆದವರೂ ಇಲ್ಲ, ಜೋಡಿಸಿದವರೂ ಇಲ್ಲ.